ಮಗು ಮೆಡಲ್ ತಂದಿದೆ, ಇನ್ನು ಯಾವ ಕೊಳ?

ಈಜಿನ ಸ್ಟೇಟ್ ಮೀಟ್ ಮುಗಿದ ವಾರ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರುತ್ತವೆ. “ಮಗನಿಗೆ 11 ವರ್ಷ. 50 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಮೂರನೇ ಸ್ಥಾನ. ಈಗಿರೋ ಕೊಳದಲ್ಲೇ ಬಿಡೋದಾ, ದೊಡ್ಡ ಕ್ಲಬ್ಬಿಗೆ ಹಾಕೋದಾ?” ಮಲೆನಾಡಿನ ಕಡೆಯ ಒಬ್ಬ ತಾಯಿ ಇನ್ನೂ ಮುಂದೆ ಹೋಗಿದ್ದರು. “ಮಗಳಿಗೋಸ್ಕರ ಬೆಂಗಳೂರಿನಲ್ಲಿ ಮನೆ ಮಾಡಬೇಕಾ?” ಅಂತ. ಮತ್ತೊಬ್ಬರ ಮಗನಿಗೆ ಹೊರ ರಾಜ್ಯದ ರೆಸಿಡೆನ್ಷಿಯಲ್ ಸೆಂಟರಿನ ಟ್ರಯಲ್ಸ್‌ಗೆ ಕರೆ ಬಂದಿತ್ತು. ಮನೆಯಲ್ಲಿ ಅಜ್ಜಿ ಅಳುತ್ತಿದ್ದಾರಂತೆ.

ನಾನು ಕೋಚ್ ಅಲ್ಲ. ಏಳು ವರ್ಷ ಬೆಳಗಿನ ಐದಕ್ಕೆ ಕೊಳದ ಮೆಟ್ಟಿಲ ಮೇಲೆ ಫ್ಲಾಸ್ಕ್ ಹಿಡಿದು ಕೂತ ಅಮ್ಮ. ಕೆಲವು ಮೀಟ್‌ಗಳಲ್ಲಿ ಸ್ಟಾಪ್‌ವಾಚ್ ಹಿಡಿದು ಲೇನಿನ ತುದಿಯಲ್ಲಿ ನಿಂತಿದ್ದೂ ಇದೆ. ಮಗಳು ಈ ನಡುವೆ ಎರಡು ಸಲ ಕೊಳ ಬದಲಾಯಿಸಿದಳು. ಒಂದು ಸಲ ನಾವು ಸರಿ ಮಾಡಿದೆವು, ಇನ್ನೊಂದು ಸಲ ಪೂರ್ತಿ ತಪ್ಪು. ಆ ತಪ್ಪಿನಿಂದ ಕಲಿತದ್ದೇ ಇಲ್ಲಿ ಜಾಸ್ತಿ.

ಮೊದಲು ಅಳತೆಗೋಲು

ಎಲ್ಲರೂ ಮೊದಲು ಕೇಳುವುದು “ಯಾವ ಕ್ಲಬ್ ಚೆನ್ನಾಗಿದೆ?” ಅಂತ. ಆ ಪ್ರಶ್ನೆಗೆ ಉತ್ತರವೇ ಇಲ್ಲ. ಎಷ್ಟು ವಯಸ್ಸಿನ ಮಗುವಿಗೆ, ಯಾರ ಕೈಕೆಳಗೆ, ಮನೆಯಿಂದ ಎಷ್ಟು ದೂರದಲ್ಲಿ ಎಂದು ಕೇಳಿದರೆ ಏನಾದರೂ ಹೇಳಬಹುದು.

ವಯಸ್ಸಿನಿಂದ ಶುರು ಮಾಡೋಣ. ನಮ್ಮಲ್ಲಿ ಗ್ರೂಪ್ ವಿಂಗಡಿಸುವುದು ಹುಟ್ಟಿದ ವರ್ಷದ ಮೇಲೆ. ಜನವರಿಯಲ್ಲಿ ಹುಟ್ಟಿದ ಹುಡುಗ, ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದ ಹುಡುಗ ಒಂದೇ ಹೀಟ್‌ನಲ್ಲಿ ನಿಲ್ಲುತ್ತಾರೆ. 11ರ ವಯಸ್ಸಿನಲ್ಲಿ ಹನ್ನೊಂದು ತಿಂಗಳ ಅಂತರ ಎಂದರೆ ಮೂರ್ನಾಲ್ಕು ಬೆರಳು ಎತ್ತರ, ಒಂದು ಸೈಜ್ ದೊಡ್ಡ ಪಾದ. ಬೇಗ ಬೆಳೆದ ಮಗು ಗೆಲ್ಲುತ್ತದೆ. ಅದು ಪ್ರತಿಭೆಯೂ ಇರಬಹುದು, ಬರೀ ಎತ್ತರವೂ ಇರಬಹುದು. ಮೈಕೆಲ್ ಫೆಲ್ಪ್ಸ್ 10ನೇ ವಯಸ್ಸಿನಲ್ಲೇ ತನ್ನ ವಯೋಮಾನದ ರಾಷ್ಟ್ರೀಯ ದಾಖಲೆ ಮಾಡಿದ್ದ, ನಿಜ. ಆದರೆ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎರಡು ಒಲಿಂಪಿಕ್ಸ್ ಚಿನ್ನ ಗೆದ್ದ ಆಡಂ ಪೀಟಿ ಚಿಕ್ಕವನಿದ್ದಾಗ ನೀರಿಗೆ ಹೆದರುತ್ತಿದ್ದ. ಒಳ್ಳೆಯ ಕೋಚ್ ಕೈಗೆ ಸಿಕ್ಕಿದ್ದು 14ರ ಹೊತ್ತಿಗೆ. ನಮ್ಮ ಸಾಜನ್ ಪ್ರಕಾಶ್ 200 ಮೀಟರ್ ಬಟರ್‌ಫ್ಲೈಯಲ್ಲಿ ಒಲಿಂಪಿಕ್ಸ್‌ಗೆ ನೇರ ಪ್ರವೇಶ ಕೊಡುವ ‘ಎ’ ಅರ್ಹತೆ ಪಡೆದ ಮೊದಲ ಭಾರತೀಯ ಈಜುಗಾರ. ಅದು 2021ರ ಜೂನ್, ರೋಮ್, 1 ನಿಮಿಷ 56.38 ಸೆಕೆಂಡ್. ಆಗ ಅವರಿಗೆ 27. ಆದ್ದರಿಂದ 11ರ ಮೆಡಲ್ ನೋಡಿ ಮನೆ ಮಾರಬೇಡಿ. 11ರಲ್ಲಿ ಮೆಡಲ್ ಬರಲಿಲ್ಲ ಅಂತ ಟೆನಿಸ್ಸಿಗೂ ಹಾಕಬೇಡಿ.

ಎರಡನೆಯದು ಕೋಚ್. ಬೋರ್ಡಿನ ಮೇಲೆ ಹೆಸರಿರುವವರಲ್ಲ, ನಿಮ್ಮ ಮಗುವಿನ ಲೇನಿನ ತುದಿಯಲ್ಲಿ ನಿಜವಾಗಿ ನಿಲ್ಲುವವರು. ನಾವು ಎಡವಿದ್ದು ಇಲ್ಲೇ. ಹೆಸರಾಂತ ಹೆಡ್ ಕೋಚ್ ಇದ್ದಾರೆ ಅಂತ ಸೇರಿಸಿದೆವು. ಎಂಟು ತಿಂಗಳಲ್ಲಿ ಅವರು ಮಗಳ ಹೆಸರು ಹಿಡಿದು ಕರೆದದ್ದು ಎರಡೇ ಸಲ, ಅದರಲ್ಲಿ ಒಂದು ಸಲ ಬೇರೆ ಹುಡುಗಿಯ ಹೆಸರು. ಜ್ಯೂನಿಯರ್ ಬ್ಯಾಚ್ ನೋಡಿಕೊಳ್ಳುತ್ತಿದ್ದ ಅಸಿಸ್ಟೆಂಟ್‌ಗಳು ಮೂರು ಸಲ ಬದಲಾದರು. ಬ್ರೆಸ್ಟ್‌ಸ್ಟ್ರೋಕ್‌ನ ಕಿಕ್ ಒಬ್ಬರು ಅಗಲ ಮಾಡಿಸಿದರು, ಇನ್ನೊಬ್ಬರು ಕಿರಿದು ಮಾಡಿಸಿದರು. ಸೀಸನ್ ಕೊನೆಗೆ ಅವಳಿಗೆ ಡಿಕ್ಯು ಬಂತು, ಅಂದರೆ ರೇಸಿನಿಂದಲೇ ಅನರ್ಹ.

ಮೂರನೆಯದು ನೀರು. ಒಂದು ಲೇನಿಗೆ ಎಷ್ಟು ತಲೆ? 50 ಮೀಟರ್ ಲೇನಿನಲ್ಲಿ ಎಂಟು ಮಂದಿ ಇದ್ದರೆ ಈಜಬಹುದು, ಹದಿನಾಲ್ಕು ಇದ್ದರೆ ಅದು ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್. ಕೊಳ 25 ಮೀಟರೋ 50 ಮೀಟರೋ? 200 ಮೀಟರಿಗೆ ಚಿಕ್ಕ ಕೊಳದಲ್ಲಿ ಏಳು ಟರ್ನ್, ದೊಡ್ಡದರಲ್ಲಿ ಮೂರೇ. ಪ್ರತಿ ಟರ್ನ್‌ನಲ್ಲೂ ಗೋಡೆ ಒದ್ದು ಮುಂದೆ ಚಿಮ್ಮುವುದರಿಂದ ಚಿಕ್ಕ ಕೊಳದ ಟೈಮಿಂಗ್ ಯಾವಾಗಲೂ ಚೆನ್ನಾಗಿ ಕಾಣುತ್ತದೆ. ನ್ಯಾಷನಲ್ಸ್‌ನ 50 ಮೀಟರ್ ಕೊಳಕ್ಕೆ ಇಳಿದಾಗ ಮಕ್ಕಳು ಅರ್ಧ ದಾರಿಯಲ್ಲಿ ಇಲ್ಲದ ಗೋಡೆ ಹುಡುಕುತ್ತಾರೆ. ಆದರೆ 12ರ ತನಕ ಇದು ದೊಡ್ಡ ಕೊರತೆಯಲ್ಲ. ಟರ್ನ್, ನೀರಿನೊಳಗಿನ ಡಾಲ್ಫಿನ್ ಕಿಕ್ ಕಲಿಯೋಕೆ ಚಿಕ್ಕ ಕೊಳವೇ ಮೇಲು. ಇನ್ನು ಬಿಸಿ. ಸ್ಪರ್ಧೆಯ ಕೊಳದ ನೀರು 25ರಿಂದ 28 ಡಿಗ್ರಿ ಇರಬೇಕು ಅನ್ನುತ್ತದೆ ನಿಯಮ. ಡಿಸೆಂಬರಿನಲ್ಲಿ ಹೀಟರ್ ಇಲ್ಲದ ಬೆಂಗಳೂರಿನ ಕೊಳದಲ್ಲಿ ಕೈ ಹಾಕಿ ನೋಡಿ. ಎರಡು ತಿಂಗಳು ತರಬೇತಿ ನಿಂತರೆ ವರ್ಷದ ಲೆಕ್ಕವೇ ತಪ್ಪುತ್ತದೆ.

ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ: ನಿದ್ದೆ. ಐದಕ್ಕೆ ನೀರಿಗಿಳಿಯಬೇಕು, ಕೊಳ 40 ನಿಮಿಷ ದೂರ ಎಂದರೆ ನಾಲ್ಕಕ್ಕೆ ಏಳಬೇಕು. ಸಂಜೆ ಮತ್ತೆ ಎರಡು ಗಂಟೆ. ಹೋಮ್‌ವರ್ಕ್ ಮುಗಿಯುವುದು ಹತ್ತಕ್ಕೆ. ಬೆಳೆಯುವ ಮಗುವಿಗೆ ಆರು ಗಂಟೆ ನಿದ್ದೆ. ಸ್ನಾಯು ರಿಪೇರಿ ಆಗುವುದು ನಿದ್ದೆಯಲ್ಲೇ, ಅದನ್ನು ಕಿತ್ತುಕೊಂಡು ಪ್ರೋಟೀನ್ ಪೌಡರ್ ಕೊಟ್ಟರೆ ಏನು ಬಂತು? ಊರಲ್ಲೇ ಅತ್ಯುತ್ತಮ ಕೋಚ್ ಒಂದೂಕಾಲು ಗಂಟೆ ದೂರದಲ್ಲಿದ್ದು, ಸುಮಾರು ಚೆನ್ನಾಗಿರುವ ಕೋಚ್ ಹದಿನೈದು ನಿಮಿಷದಲ್ಲಿದ್ದರೆ, 13ರ ಒಳಗಿನ ಮಕ್ಕಳಿಗೆ ನನ್ನ ವೋಟು ಹದಿನೈದು ನಿಮಿಷಕ್ಕೆ.

ಹಣದ್ದೂ ಹೇಳಿಬಿಡುತ್ತೇನೆ. ಮಗಳ 13ನೇ ವರ್ಷದಲ್ಲಿ ನಮ್ಮ ಡೈರಿಯ ಒಟ್ಟು ಖರ್ಚು 2,25,000 ರೂಪಾಯಿ. ಕೋಚಿಂಗ್ ಫೀಸ್ 72,000. ಪೆಟ್ರೋಲ್ 48,000. ನ್ಯಾಷನಲ್ಸ್‌ಗೆ ಇಬ್ಬರು ಹೋಗಿ ಬಂದದ್ದು 45,000. ಒಂದು ಟೆಕ್ ಸೂಟ್, ಅಂದರೆ ರೇಸಿಗೆಂದೇ ಹಾಕುವ ಬಿಗಿ ಈಜುಡುಗೆ, 22,000. ಉಳಿದದ್ದು ಫಿಸಿಯೋ, ಊಟ, ಕಳೆದುಹೋದ ಗಾಗಲ್ಸ್. ಫೀಸ್ ಮೂರರಲ್ಲಿ ಒಂದು ಭಾಗವೂ ಇಲ್ಲ ನೋಡಿ. “ಅಲ್ಲಿ ಫೀಸ್ ಕಮ್ಮಿ” ಅಂತ ದೂರದ ಕೊಳಕ್ಕೆ ಹೋಗುವವರು ಇದನ್ನು ಒಮ್ಮೆ ಕೂಡಿಸಿ ನೋಡಬೇಕು. ಆ ಟೆಕ್ ಸೂಟ್ ಬೇರೆ! ಬೆರಳೆಣಿಕೆಯ ರೇಸ್‌ಗಳಿಗೆ ಅದರ ಬಿಗಿ ಹೋಗುತ್ತದೆ. 12ರ ಕೆಳಗಿನ ಮಗುವಿಗೆ ಅದನ್ನು ಕೊಡಿಸುವುದು ಶುದ್ಧ ದಂಡ.

ಮನೆ ಹತ್ತಿರದ ಕೊಳ

ಪಾಲಿಕೆ ಕೊಳ, ಶಾಲೆಯ ಕೊಳ, ಬಡಾವಣೆಯ ಸಣ್ಣ ಕ್ಲಬ್ ಎಲ್ಲ ಇಲ್ಲಿಗೇ ಬರುತ್ತವೆ. ಅಗ್ಗ, ಹತ್ತಿರ. ಕೋಚ್‌ಗೆ ಮಗು ಚಿಕ್ಕಂದಿನಿಂದ ಗೊತ್ತು. ಇಂಥ ಕಡೆ ಒಳ್ಳೆಯ ಕೋಚ್ ಸಿಕ್ಕರೆ ಅದು ಪುಣ್ಯ. ನಾಲ್ಕೂ ಸ್ಟ್ರೋಕ್ ತಿದ್ದಲು ಅವರಿಗೆ ಪುರುಸೊತ್ತು ಇರುತ್ತದೆ.

ಕೊರತೆ ಬೇರೆ ಕಡೆ ಇದೆ. ಮೊದಲನೆಯದು, ಜತೆಗೆ ಪೈಪೋಟಿ ಕೊಡುವವರು ಇರುವುದಿಲ್ಲ. ತಾನೇ ಎಲ್ಲರಿಗಿಂತ ವೇಗ ಎಂದು ಗೊತ್ತಾದ ಮಗು ಅಭ್ಯಾಸದ ಸೆಟ್‌ನ ಕೊನೆಯ ಎರಡು ನೂರು ಮೀಟರ್‌ಗಳಲ್ಲಿ ಸುಮ್ನೆ ತೇಲುತ್ತದೆ. ಎರಡನೆಯದು, ಸಾರ್ವಜನಿಕ ಬ್ಯಾಚ್ ಮುಗಿಯುವ ತನಕ ಲೇನ್ ಸಿಗುವುದಿಲ್ಲ. ಬೇಸಿಗೆ ರಜೆಯಲ್ಲಂತೂ ಕೇಳಲೇಬೇಡಿ, ಸಮ್ಮರ್ ಕ್ಯಾಂಪ್ ಮಕ್ಕಳ ಟ್ಯೂಬುಗಳ ನಡುವೆ ನಿಮ್ಮ ಸ್ಟೇಟ್ ಮೆಡಲಿಸ್ಟ್ ದಾರಿ ಹುಡುಕುತ್ತಿರುತ್ತಾನೆ. ಜಿಮ್, ಫಿಸಿಯೋ, ವಿಡಿಯೋ ಏನೂ ಇರುವುದಿಲ್ಲ.

12ರ ತನಕ, ಬಜೆಟ್ ಬಿಗಿ ಇದ್ದರೆ 13ರ ತನಕವೂ, ಇಲ್ಲೇ ಇರುವುದು ನಷ್ಟವಲ್ಲ. ಒಂದೇ ಷರತ್ತು: ಕೋಚ್ ಮೀಟ್‌ಗಳಿಗೆ ಬರುವವರಾಗಿರಬೇಕು. ಮಗು ರೇಸ್ ಮುಗಿಸಿ ಬಂದಾಗ ಸ್ಪ್ಲಿಟ್ (ರೇಸಿನ ಒಂದೊಂದು ಭಾಗದ ಟೈಮಿಂಗ್) ಬರೆದುಕೊಂಡು ನಿಂತವರು ಇದ್ದಾರಾ, ಇಲ್ಲ ಅಪ್ಪನೇ ಯೂಟ್ಯೂಬ್ ನೋಡಿ ಸಲಹೆ ಕೊಡುತ್ತಿದ್ದಾರಾ?

ದೊಡ್ಡ ಕ್ಲಬ್

ಬೆಂಗಳೂರಿನ ಅದೃಷ್ಟ ಇದು. ಬಸವನಗುಡಿ ಅಕ್ವಾಟಿಕ್ ಸೆಂಟರ್, ಡಾಲ್ಫಿನ್ ಅಕ್ವಾಟಿಕ್ಸ್‌ನಂಥ ಕ್ಲಬ್‌ಗಳು ಈಜನ್ನು ಮನೆತನದ ಕಸುಬಿನ ಹಾಗೆ ನಡೆಸಿಕೊಂಡು ಬಂದಿವೆ. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ನಿಶಾ ಮಿಲೆಟ್, 2004ರ ಅಥೆನ್ಸ್‌ಗೆ ಶಿಖಾ ಟಂಡನ್, 2008ರ ಬೀಜಿಂಗ್‌ಗೆ ರೆಹಾನ್ ಪೋಂಚಾ, 2012ರ ಲಂಡನ್‌ಗೆ ಗಗನ್ ಉಳ್ಳಾಲಮಠ, ಎಲ್ಲ ಇದೇ ಊರಿನ ನೀರು ಕುಡಿದವರು. ಕೊಲ್ಹಾಪುರದ ವೀರಧವಳ್ ಖಾಡೆ ಹುಡುಗನಾಗಿದ್ದಾಗ ಕೋಚ್ ನಿಹಾರ್ ಅಮೀನ್ ಹತ್ತಿರ ಕಲಿಯಲು ಇಲ್ಲಿಗೇ ಬಂದರು. 2025ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ, ಹಲ್ದ್ವಾನಿಯ ಕೊಳದಲ್ಲಿ, ಕರ್ನಾಟಕದ ಶ್ರೀಹರಿ ನಟರಾಜ್ ಮತ್ತು ಧಿನಿಧಿ ದೇಸಿಂಗು ತಲಾ 9 ಚಿನ್ನ ತಂದರು. ಧಿನಿಧಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದಾಗ ವಯಸ್ಸು 14. “ಕರ್ನಾಟಕ ಬಿಟ್ಟು ಹೋದರೇ ಮೇಲೆ ಬರೋದು” ಅನ್ನುವವರಿಗೆ ಇಷ್ಟು ಸಾಕು.

ಇಂಥ ಕ್ಲಬ್‌ನ ದೊಡ್ಡ ಲಾಭ ಪಕ್ಕದ ಲೇನ್. ತನಗಿಂತ ಮೂರು ಸೆಕೆಂಡ್ ವೇಗದ ಹುಡುಗಿ ದಿನಾ ಪಕ್ಕದಲ್ಲಿ ಈಜಿದರೆ ಯಾವ ಭಾಷಣವೂ ಬೇಕಿಲ್ಲ. ರಿಲೇ ಟೀಮ್ ಇರುತ್ತದೆ, ಮೀಟ್‌ಗಳ ಎಂಟ್ರಿ ತಪ್ಪುವುದಿಲ್ಲ, ಯಾವ ಟ್ರಯಲ್ಸ್ ಯಾವಾಗ ಎಂದು ಮುಂಚೆಯೇ ಗೊತ್ತಿರುತ್ತದೆ.

ನಷ್ಟವೂ ಅದೇ ಜಾಗದಲ್ಲಿದೆ. ಬ್ಯಾಚ್ ಏಣಿಯ ಹಾಗೆ ಇರುತ್ತದೆ. ಮೇಲಿನ ಮೆಟ್ಟಿಲಿಗೆ ಎಲ್ಲ ಗಮನ, ಕೆಳಗಿನದ್ದಕ್ಕೆ ಫೀಸ್ ರಸೀದಿ. ನಿಮ್ಮ ಮಗು ಏಣಿಯ ನಡುವೆ ಇದ್ದರೆ ಹುಷಾರಾಗಿ ವಿಚಾರಿಸಿ. ಮೇಲಿನ ಬ್ಯಾಚಿಗೆ ಹೋಗಲು ಟೈಮಿಂಗ್ ಎಷ್ಟು ಬೇಕು, ಅದನ್ನು ಬರೆದು ಹಾಕಿದ್ದಾರಾ, ಇಲ್ಲ ಯಾರೋ ಒಬ್ಬರ ಮನಸ್ಸಿಗೆ ಬಿಟ್ಟಿದ್ದಾ?

ಇನ್ನೊಂದು ಪ್ರಶ್ನೆ ಇದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. “ನಾಲ್ಕು ವರ್ಷದ ಹಿಂದೆ ನಿಮ್ಮಲ್ಲಿ 11ರ ಗುಂಪಿನಲ್ಲಿ ಗೆದ್ದ ಮಕ್ಕಳು ಈಗ ಎಲ್ಲಿದ್ದಾರೆ?” ಎಲ್ಲ ಕ್ಲಬ್‌ನ ಗೋಡೆಯ ಮೇಲೂ ಒಲಿಂಪಿಯನ್ ಫೋಟೋ ಇರುತ್ತದೆ. ಅದು ಒಂದು ಮಗುವಿನ ಕತೆ. ಉಳಿದ ಇಪ್ಪತ್ತು ಮಕ್ಕಳಲ್ಲಿ ಎಷ್ಟು ಜನ ಇನ್ನೂ ಈಜುತ್ತಿದ್ದಾರೆ, ಎಷ್ಟು ಜನರ ಭುಜ ಕೆಟ್ಟಿದೆ, ಎಷ್ಟು ಜನ ಹತ್ತನೇ ಕ್ಲಾಸಿಗೆ ಬಿಟ್ಟರು? ಹಳೆಯ ಮೀಟ್ ರಿಸಲ್ಟ್‌ಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ಒಂದು ಭಾನುವಾರ ಕೂತರೆ ಉತ್ತರ ನೀವೇ ಕಂಡುಕೊಳ್ಳಬಹುದು. ಹನ್ನೊಂದರ ಮಕ್ಕಳಿಗೆ ದಿನಕ್ಕೆ ಎರಡು ಹೊತ್ತು ಮೈಲುಗಟ್ಟಲೆ ಈಜಿಸಿ ಮೆಡಲ್ ತೆಗೆಯುವ ಕ್ಲಬ್ ಯಾವುದು ಎಂದು ಆ ಹಾಳೆಗಳೇ ಹೇಳುತ್ತವೆ.

ದುಬಾರಿ ಸೆಂಟರ್

ಯಲಹಂಕದ ಕಡೆ ಪಡುಕೋಣೆ–ದ್ರಾವಿಡ್ ಸೆಂಟರಿನ ಥರದ ಜಾಗ ನೋಡಿದರೆ ಕಣ್ಣು ಅರಳುತ್ತದೆ. 50 ಮೀಟರ್ ಕೊಳ, ಜಿಮ್, ಫಿಸಿಯೋ ಎಲ್ಲ ಒಂದೇ ಆವರಣದಲ್ಲಿ. 2019ರ ಏಷ್ಯನ್ ಏಜ್ ಗ್ರೂಪ್ ಚಾಂಪಿಯನ್‌ಷಿಪ್ ನಡೆದದ್ದೂ ಅಲ್ಲೇ. 15 ದಾಟಿ, ರಾಷ್ಟ್ರಮಟ್ಟದಲ್ಲಿ ಫೈನಲ್ ಈಜುವ ಮಗುವಿಗೆ ಈ ಸೌಲಭ್ಯಗಳಿಂದ ನಿಜವಾದ ವ್ಯತ್ಯಾಸ ಆಗುತ್ತದೆ. ಭುಜದ ನೋವು ಶುರುವಾದ ದಿನವೇ ಫಿಸಿಯೋ ನೋಡಿದರೆ ಒಂದು ಸೀಸನ್ ಉಳಿಯುತ್ತದೆ.

ಹತ್ತು ವರ್ಷದ ಮಗುವಿಗೆ ಇದೆಲ್ಲ ಬೇಡ. ಅದಕ್ಕೆ ಬೇಕಾದ್ದು ಕಿಕ್‌ಬೋರ್ಡು, ಫಿನ್ಸ್, ತಾಳ್ಮೆ ಇರುವ ಒಬ್ಬ ಮನುಷ್ಯ. ಜಯನಗರದಿಂದ ಯಲಹಂಕಕ್ಕೆ ದಿನಾ ಹೋಗಿಬರುವ ಒಂದು ಕುಟುಂಬ ನನಗೆ ಗೊತ್ತು. ಆ ಹುಡುಗ ಕಾರಿನಲ್ಲೇ ಬೆಳೆದ.

ಹಾಸ್ಟೆಲ್ ಮತ್ತು ಹೊರ ರಾಜ್ಯದ ಸೆಂಟರ್

ದೆಹಲಿಯ ತಾಲ್ಕಟೋರದ ಶ್ಯಾಮಾಪ್ರಸಾದ್ ಮುಖರ್ಜಿ ಈಜು ಸಂಕೀರ್ಣ, ಭುವನೇಶ್ವರದ ಕಳಿಂಗ ಕ್ರೀಡಾಂಗಣದ ಹೈ ಪರ್ಫಾರ್ಮೆನ್ಸ್ ಸೆಂಟರ್ ಇಂಥವು. ಆಯ್ಕೆಯಾದರೆ ಊಟ, ವಸತಿ, ತರಬೇತಿ, ವೈದ್ಯಕೀಯ ನೋಡಿಕೊಳ್ಳುತ್ತಾರೆ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದ ಮಗುವಿಗೆ ವರ್ಷಕ್ಕೆ 6.28 ಲಕ್ಷ ರೂಪಾಯಿ ತನಕ ನೆರವಿದೆ. ಅದರಲ್ಲಿ 1.20 ಲಕ್ಷ, ಅಂದರೆ ತಿಂಗಳಿಗೆ 10,000, ಕೈಖರ್ಚಿಗೆ. ಸೇನೆಯ ಬಾಯ್ಸ್ ಸ್ಪೋರ್ಟ್ಸ್ ಕಂಪನಿಗಳನ್ನೂ ಮರೆಯಬೇಡಿ. 8ರಿಂದ 14ರ ಹುಡುಗರನ್ನು ತೆಗೆದುಕೊಂಡು ಓದು, ಊಟ, ಆಟ ಎಲ್ಲ ಕೊಡುತ್ತಾರೆ. ಮುಂದೆ ಸೇನೆ ಸೇರುವ ದಾರಿ ಅದು, ಅದನ್ನು ಒಪ್ಪಿಕೊಂಡೇ ಹೋಗಬೇಕು.

ಫೀಸ್ ಕಟ್ಟಲು ಸಾಧ್ಯವೇ ಇಲ್ಲದ ಮನೆಯ ಪ್ರತಿಭಾವಂತ ಮಗುವಿಗೆ ಇದು ಬಾಗಿಲು ತೆರೆಯುವ ದಾರಿ. ಅಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಖರ್ಚು ನಿಭಾಯಿಸಬಲ್ಲವರು “ಸರ್ಕಾರಿ ಸೆಂಟರ್, ಹೆಸರಿದೆ” ಅಂತ 12ರ ಮಗುವನ್ನು ಕಳಿಸುವ ಮುಂಚೆ ಯೋಚಿಸಿ. ಟೈಮಿಂಗ್ ಇಳಿಯದ ವರ್ಷ ಬಂದೇ ಬರುತ್ತದೆ. ಹುಡುಗಿಯರಿಗೆ ಅದು ಸಾಮಾನ್ಯವಾಗಿ 13ರಿಂದ 15ರ ನಡುವೆ. ದೇಹ ಬದಲಾಗುತ್ತದೆ, ಮುಟ್ಟು ಶುರುವಾಗುತ್ತದೆ, ನೀರಿನಲ್ಲಿ ಸಮತೋಲವೇ ಬೇರೆ ಆಗುತ್ತದೆ. ಅದೇ ಹೊತ್ತಿಗೆ ಹುಡುಗರು ದಿಢೀರನೆ ಎತ್ತರವಾಗಿ ಸೆಕೆಂಡುಗಟ್ಟಲೆ ಇಳಿಸುತ್ತಿರುತ್ತಾರೆ. ಒಂದೂವರೆ ವರ್ಷ ಪರ್ಸನಲ್ ಬೆಸ್ಟ್ ಬಾರದ ಹುಡುಗಿ ರಾತ್ರಿ ಅಳುವುದು ಯಾರ ಹತ್ತಿರ? ವಾರ್ಡನ್ ಹತ್ತಿರವಾ? ನನ್ನ ಮಗಳಿಗೆ ಆ ಕಾಲ ಹದಿನೇಳು ತಿಂಗಳು ನಡೆಯಿತು. ಅವಳು ಮನೆಯಲ್ಲಿ ಇರದಿದ್ದರೆ ಈಜು ಬಿಡುತ್ತಿದ್ದಳು, ಇದು ಅವಳೇ ಹೇಳುವ ಮಾತು.

ಹೋಗುವುದಾದರೆ ಮೂರು ಸಂಗತಿ ಖಚಿತ ಮಾಡಿಕೊಳ್ಳಿ. ಶಾಲೆ ಯಾವುದು, ಪರೀಕ್ಷೆ ಎಲ್ಲಿ ಬರೆಯುತ್ತಾರೆ? ಒಂದು ವರ್ಷ ಫಾರ್ಮ್ ಹೋದರೆ ಸೀಟು ಉಳಿಯುತ್ತದಾ? ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ರಾತ್ರಿ ಜವಾಬ್ದಾರಿ ಯಾರದ್ದು? ಮೂರನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಮಾತು ಅಲ್ಲಿಗೇ ನಿಲ್ಲಿಸಿ ಬನ್ನಿ.

ಅಮೆರಿಕದ ಕಾಲೇಜು ಕನಸು

ಇತ್ತೀಚೆಗೆ ಹತ್ತು ವರ್ಷದ ಮಕ್ಕಳ ಅಪ್ಪಂದಿರೂ ಸ್ಕಾಲರ್‌ಷಿಪ್ ಬಗ್ಗೆ ಕೇಳುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಒಬ್ಬನೇ ನಾಲ್ಕು ವೈಯಕ್ತಿಕ ಚಿನ್ನ ಗೆದ್ದ ಲಿಯೋನ್ ಮಾರ್ಷಾನ್ ಫ್ರಾನ್ಸಿನ ತುಲೂಸ್ ಬಿಟ್ಟು ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದದ್ದು 19ನೇ ವಯಸ್ಸಿನಲ್ಲಿ. ಅಲ್ಲಿಯ ತನಕ ಊರಿನ ಕ್ಲಬ್ಬೇ. ಹೋದದ್ದೂ ಒಬ್ಬ ಕೋಚ್‌ನ ಹುಡುಕಿಕೊಂಡು: ಫೆಲ್ಪ್ಸ್‌ನನ್ನು 11ರಿಂದ ಬೆಳೆಸಿದ ಬಾಬ್ ಬೋಮನ್. ನಮ್ಮ ಸಾಜನ್ ಕೂಡ ಟೋಕಿಯೊ ಒಲಿಂಪಿಕ್ಸ್‌ಗೆ ಮುಂಚೆ ದುಬೈಗೆ ಹೋದದ್ದು ತಮ್ಮ ಹಳೆಯ ಕೋಚ್ ಪ್ರದೀಪ್ ಕುಮಾರ್ ಅಲ್ಲಿದ್ದರು ಎಂದು.

ಆಸೆ ಇದ್ದರೆ ಈಗಿನಿಂದ ಮಾಡಬೇಕಾದ್ದು ಎರಡೇ. ಅಂಕ ಕೆಡದಂತೆ ನೋಡಿಕೊಳ್ಳಿ. ಎಲೆಕ್ಟ್ರಾನಿಕ್ ಟೈಮಿಂಗ್ ಇರುವ ಮೀಟ್‌ಗಳ ರಿಸಲ್ಟ್ ಜೋಪಾನವಾಗಿಡಿ. ಕೈಯಲ್ಲಿ ಒತ್ತಿ ತೆಗೆದ ಟೈಮಿಂಗ್ ಸ್ವಲ್ಪ ಉದಾರ, ಸ್ಟಾಪ್‌ವಾಚ್ ಹಿಡಿದ ನನ್ನ ಹೆಬ್ಬೆರಳೇ ಸಾಕ್ಷಿ.

ಹಾಗಾದರೆ ನಿಮಗೆ ಯಾವುದು?

ಮಗು 12ರ ಒಳಗಿದ್ದು, ಹತ್ತಿರದಲ್ಲಿ ಸ್ಟ್ರೋಕ್ ತಿದ್ದುವ ಕೋಚ್ ಇದ್ದರೆ ಅಲುಗಾಡಬೇಡಿ. ಬೇಕಾದರೆ ತಿಂಗಳಿಗೆ ಎರಡು ಸಲ 50 ಮೀಟರ್ ಕೊಳದಲ್ಲಿ ಈಜಿಸಿ. ಮಂಗಳೂರಿನ ಕಡೆಯವರಿಗೆ ಎಮ್ಮೆಕೆರೆಯ ಹೊಸ ಕೊಳ ಬಂದ ಮೇಲೆ ಇದಕ್ಕೆ ಬೆಂಗಳೂರು ಬಸ್ಸು ಹತ್ತಬೇಕಾಗಿಲ್ಲ.

13 ದಾಟಿ, ಈಗಿನ ಕೊಳದಲ್ಲಿ ಒಬ್ಬಳೇ ಮುಂದೆ ಈಜುತ್ತಿದ್ದರೆ ದೊಡ್ಡ ಕ್ಲಬ್ಬಿಗೆ ಸಮಯ ಬಂದಿದೆ. ಮನೆಯಿಂದ ಅರ್ಧ ಗಂಟೆಯೊಳಗೆ ಸಿಗುವ ಎರಡು ಕ್ಲಬ್‌ಗಳಲ್ಲಿ ಒಂದೊಂದು ವಾರ ಟ್ರಯಲ್ ಕೇಳಿ. ನೀವು ಮೆಟ್ಟಿಲ ಮೇಲೆ ಕೂತು ನೋಡಿ. ಕೋಚ್ ಕಣ್ಣು ನೀರಿನ ಮೇಲಿದೆಯಾ, ಮೊಬೈಲ್ ಮೇಲಿದೆಯಾ? ಕೊನೆಯ ಲೇನಿನ ಮಗುವಿಗೂ ಒಂದು ಮಾತು ಸಿಗುತ್ತದಾ? ಆಮೇಲೆ ಕಾರಿನಲ್ಲಿ ಮಗು ಏನು ಹೇಳುತ್ತದೆ ಕೇಳಿ. ಹೇಳದಿದ್ದರೆ ಅದನ್ನೂ ಗಮನಿಸಿ.

ಖರ್ಚು ಆಗದ ಮನೆ, ಸ್ಟೇಟ್‌ನಲ್ಲಿ ಸತತ ಮೆಡಲ್: ಆಯ್ಕೆ ಟ್ರಯಲ್ಸ್‌ಗೆ ಹೋಗಿ, ನಾಚಿಕೆ ಬೇಡ. ಈಗಿನ ಕ್ಲಬ್‌ನಲ್ಲೇ ಫೀಸ್ ರಿಯಾಯಿತಿ ಕೇಳುವುದನ್ನೂ ಮರೆಯಬೇಡಿ. ಗೆಲ್ಲುವ ಮಗುವನ್ನು ಉಳಿಸಿಕೊಳ್ಳಲು ಹಲವರು ಒಪ್ಪುತ್ತಾರೆ.

15ರ ಮೇಲೆ, ನ್ಯಾಷನಲ್ ಫೈನಲಿಸ್ಟ್: ಈಗ ಸೌಲಭ್ಯದ ಹಿಂದೆ ಹೋಗಬಹುದು. ಆಗಲೂ ಓದಿನ ಎಳೆ ಬಿಡಬೇಡಿ. ನ್ಯಾಷನಲ್ಸ್ ಸರ್ಟಿಫಿಕೇಟ್ ಇದ್ದರೆ ಸಿಇಟಿಯ ಕ್ರೀಡಾ ಕೋಟಾಕ್ಕೆ ಅರ್ಜಿ ಹಾಕಬಹುದು. ವೀರಧವಳ್ ಖಾಡೆ 2010ರಲ್ಲಿ ಏಷ್ಯನ್ ಗೇಮ್ಸ್ ಕಂಚು ಗೆದ್ದು, ತಹಸೀಲ್ದಾರ್ ಆಗಿ ವರ್ಷಗಟ್ಟಲೆ ನೀರಿನಿಂದ ದೂರ ಉಳಿದು, ಮತ್ತೆ ಬಂದು 2018ರ ಏಷ್ಯನ್ ಗೇಮ್ಸ್‌ನ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಒಂದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ತಪ್ಪಿಸಿಕೊಂಡರು. ಆ ನೌಕರಿ ಅವರ ಈಜನ್ನು ತಿಂದಿತು ಅನ್ನುವವರಿದ್ದಾರೆ. ನನಗೆ ಕಾಣುವುದು ಬೇರೆ: ಈಜು ನಿಂತರೂ ಅವರ ಕೈಯಲ್ಲಿ ಒಂದು ನೌಕರಿ ಇತ್ತು.

ಬದಲಾಯಿಸುವುದಾದರೆ ಸೀಸನ್ ಮುಗಿದ ಮೇಲೆ ಮಾಡಿ, ನ್ಯಾಷನಲ್ಸ್‌ಗೆ ಎರಡು ತಿಂಗಳಿರುವಾಗ ಅಲ್ಲ. ಹಳೆಯ ಕೋಚ್‌ಗೆ ಮುಖಕ್ಕೆ ಮುಖ ಕೊಟ್ಟು ಹೇಳಿ. ಎನ್‌ಒಸಿಗೆ ಅವರ ಸಹಿ ಬೇಕಾಗಬಹುದು ಅನ್ನುವುದು ಒಂದು. ನಾಳೆ ಅದೇ ಮೀಟ್‌ನಲ್ಲಿ ಅದೇ ಕಾಫಿ ಕೌಂಟರಿನಲ್ಲಿ ಸಿಗುತ್ತಾರೆ ಅನ್ನುವುದು ಇನ್ನೊಂದು.

ಮಲೆನಾಡಿನ ಆ ತಾಯಿ ಮನೆ ಬದಲಾಯಿಸಲಿಲ್ಲ. ಮಗಳು ಊರಿನ ಕೋಚ್ ಹತ್ತಿರವೇ ಇದ್ದಾಳೆ, ರಜೆಯಲ್ಲಿ ನಾಲ್ಕು ವಾರ ಬೆಂಗಳೂರಿನ ಚಿಕ್ಕಮ್ಮನ ಮನೆಯಿಂದ 50 ಮೀಟರ್ ಕೊಳಕ್ಕೆ ಹೋಗುತ್ತಾಳೆ. ಮುಂದಿನದ್ದು ಹತ್ತನೇ ಕ್ಲಾಸ್ ಆದ ಮೇಲೆ. ಮೊನ್ನೆ ಫೋನ್ ಮಾಡಿದ್ದರು. ಮೊದಲ ದಿನ ಅವಳು ಅರ್ಧ ಕೊಳಕ್ಕೆ ಬಂದು ಟರ್ನ್ ಹೊಡೆದುಬಿಟ್ಟಳಂತೆ, ಗೋಡೆ ಇದೆ ಅಂದುಕೊಂಡು.